ದೈತ್ಯ ಸರಕಿನ ದಾರಿ: ಅನುಮತಿ ಕಚೇರಿಯದು, ತೀರ್ಮಾನ ಸೇತುವೆಯದು

ಮಂಡ್ಯ: ಮುಂದೆ ಕೆಂಪು ಬಾವುಟ ಕಟ್ಟಿಕೊಂಡ ಪೈಲಟ್ ಜೀಪು. ಅದರ ಹಿಂದೆ ಹೊಗೆಯುಗುಳುತ್ತ ತೆವಳುವ ಪುಲ್ಲರ್. ಅದಕ್ಕೆ ಕೊಂಡಿ ಹಾಕಿದ, ಎಣಿಸಲು ಹೊರಟರೆ ಲೆಕ್ಕ ತಪ್ಪುವಷ್ಟು ಚಕ್ರಗಳ ಟ್ರೇಲರ್. ಅದರ ಮೇಲೆ ಟಾರ್ಪಾಲು ಹೊದ್ದು ಕುಳಿತ ಕಬ್ಬಿಣದ ಗುಡ್ಡ. ಬೆಂಗಳೂರು–ಮೈಸೂರು ನಡುವೆ ಓಡಾಡುವವರಲ್ಲಿ ಈ ಮೆರವಣಿಗೆಯ ಹಿಂದೆ ಸಿಲುಕಿ ಗೊಣಗದವರು ವಿರಳ. ಆಗ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆಗಳು ಎರಡೇ: ಇದಕ್ಕೆ ಅನುಮತಿ ಕೊಟ್ಟವರು ಯಾರು? ಇದು ಹೋದ ಮೇಲೆ ರಸ್ತೆಯ ಗತಿಯೇನು?

ಮೊದಲನೆಯದಕ್ಕೆ ಉತ್ತರ ಒಂದು ಕಚೇರಿಯಲ್ಲ, ಹಲವು ಕಚೇರಿಗಳು. ಎರಡನೆಯದಕ್ಕೆ ಉತ್ತರ ಬಹುತೇಕರು ಊಹಿಸಿದ್ದಕ್ಕೆ ತದ್ವಿರುದ್ಧವಾಗಿದೆ. ಕ್ರಮಬದ್ಧವಾಗಿ ಸಾಗಿದ ದೈತ್ಯ ಟ್ರೇಲರ್ ರಸ್ತೆಗೆ ಮಾಡುವ ಹಾನಿ ಅಲ್ಪ. ಅದು ನಿಜವಾಗಿಯೂ ಪರೀಕ್ಷಿಸುವುದು ಸೇತುವೆಯನ್ನು, ಮೋರಿಯನ್ನು, ವಿದ್ಯುತ್ ತಂತಿಯನ್ನು ಮತ್ತು ಪಟ್ಟಣದ ವೃತ್ತವನ್ನು.

ಮಂಡ್ಯ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಗಳಿಗೆ 2023ರಿಂದ ಹೊಸ ತೂಕ ಬಂದಿದೆ. ಆ ವರ್ಷದ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಅವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಉದ್ಘಾಟಿಸಿದರು. ಸಾಲು ಸಾಲು ಅಪಘಾತಗಳ ನಂತರ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಕೆಲವು ಬಗೆಯ ವಾಹನಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು ಅಧಿಸೂಚನೆ ಹೊರಡಿಸಿತು. ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು. ಬೈಕು, ಆಟೊಗಳ ನಿಷೇಧ ದೊಡ್ಡ ಸುದ್ದಿಯಾಯಿತು. ಅದೇ ಪಟ್ಟಿಯಲ್ಲಿ ಟ್ರ್ಯಾಕ್ಟರ್, ಎತ್ತಿನ ಗಾಡಿಯಂಥ ಯಂತ್ರರಹಿತ ವಾಹನ ಮತ್ತು ಬಹು ಆಕ್ಸಲ್‌ಗಳ ಹೈಡ್ರಾಲಿಕ್ ಟ್ರೇಲರ್ ಕೂಡ ಇದ್ದುದನ್ನು ಹೆಚ್ಚಿನವರು ಗಮನಿಸಲಿಲ್ಲ. ಅಂದರೆ ನೂರಾರು ಟನ್‌ನ ಯಂತ್ರ ಹೊತ್ತ ಟ್ರೇಲರ್, ಕಬ್ಬು ತುಂಬಿದ ಟ್ರ್ಯಾಕ್ಟರ್, ಹುಲ್ಲು ಹೇರಿದ ಗಾಡಿ, ಶಾಲೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸ್ಕೂಟರ್, ಇವೆಲ್ಲವೂ ಇಕ್ಕಟ್ಟಿನ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಬೈಪಾಸ್ ಇರುವಲ್ಲಿ ಊರೊಳಗಿನ ಹಳೆಯ ಹೆದ್ದಾರಿಯೇ ಗತಿ.

ಯಾವುದು ಅತಿಗಾತ್ರ?

ಕೇಂದ್ರ ಮೋಟಾರು ವಾಹನ ನಿಯಮಗಳು 1989 ವಾಹನದ ಅಳತೆಗೆ ಮಿತಿ ಹಾಕಿವೆ. ಅಗಲ 2.6 ಮೀಟರ್ ಮೀರಬಾರದು. ಸಾಮಾನ್ಯ ಲಾರಿಯ ಉದ್ದ 12 ಮೀಟರ್ ದಾಟಬಾರದು. 2020ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಸರಕು ವಾಹನದ ಎತ್ತರ 4 ಮೀಟರ್ ಒಳಗಿರಬೇಕು. ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ ಇದ್ದ 10.2 ಟನ್ ಮಿತಿ 11.5 ಟನ್ ಆಯಿತು. ವಾಹನ ಮತ್ತು ಸರಕಿನ ಒಟ್ಟು ತೂಕದ ಗರಿಷ್ಠ ಮಿತಿ 49 ಟನ್‌ನಿಂದ 55 ಟನ್‌ಗೆ ಏರಿತು.

ಈ ಮಿತಿಗಳನ್ನು ದಾಟುವ ಸರಕನ್ನು ಸಾಗಣೆದಾರರು ‘ಓಡಿಸಿ’ ಎಂಬ ಮೂರಕ್ಷರದ ಸಂಕ್ಷೇಪದಿಂದ ಕರೆಯುತ್ತಾರೆ. ಮಿತಿ ದಾಟಿದ್ದೆಲ್ಲಕ್ಕೂ ಅನುಮತಿ ಸಿಗುತ್ತದೆ ಎಂದಲ್ಲ. ಮುಖ್ಯ ಷರತ್ತು ಒಂದೇ: ಸರಕು ಬಿಡಿಸಲಾಗದ್ದಾಗಿರಬೇಕು. ಮರಳನ್ನು ಎರಡು ಲಾರಿಗೆ ಹಂಚಬಹುದು, ಸಿಮೆಂಟ್ ಮೂಟೆಗಳನ್ನು ಹತ್ತಕ್ಕೆ ಹಂಚಬಹುದು. ವಿದ್ಯುತ್ ಪರಿವರ್ತಕದ ಒಳಗಿನ ಕಬ್ಬಿಣದ ತಿರುಳನ್ನು ಅರ್ಧಕ್ಕೆ ಕೊಯ್ಯಲಾಗದು. ಹಾಗೆಂದು ಪರಿವರ್ತಕವನ್ನು ಇಡಿಯಾಗಿ ಹೇರುವುದೂ ಇಲ್ಲ. ಅದರ ಎಣ್ಣೆ ಬೇರೆ ಟ್ಯಾಂಕರಿನಲ್ಲಿ ಬರುತ್ತದೆ, ರೇಡಿಯೇಟರ್ ಮತ್ತು ಬುಶಿಂಗ್‌ಗಳು ಬೇರೆ ಲಾರಿಯಲ್ಲಿ ಬರುತ್ತವೆ. ಎಣ್ಣೆ ತೆಗೆದ ತೊಟ್ಟಿಗೆ ತೇವ ತಗಲದಂತೆ ಒಣ ಗಾಳಿ ಅಥವಾ ನೈಟ್ರೋಜನ್ ತುಂಬಲಾಗುತ್ತದೆ. ಹಾದಿಯಲ್ಲಿ ಎಲ್ಲಿ, ಎಷ್ಟು ಜೋರಾಗಿ ಕುಲುಕಿತು ಎಂಬುದನ್ನು ಬರೆದಿಡುವ ಪುಟ್ಟ ಉಪಕರಣವೊಂದನ್ನು ಮೈಗೆ ಅಂಟಿಸಿರುತ್ತಾರೆ. ಗುಂಡಿಗೆ ಇಳಿದು ಹತ್ತಿದ ಪ್ರತಿ ಏಟಿಗೂ ಅಲ್ಲಿ ದಾಖಲೆಯುಂಟು. ನಮ್ಮ ರಸ್ತೆಗಳ ಬಗ್ಗೆ ಇದಕ್ಕಿಂತ ನಿಷ್ಪಕ್ಷಪಾತ ವರದಿಗಾರ ಇನ್ನೊಬ್ಬನಿರಲಾರ.

ಆನೆ ಎಳೆದ ಯಂತ್ರ

ಮದ್ದೂರು–ಮಳವಳ್ಳಿ ದಾರಿಗೆ ದೈತ್ಯ ಭಾರ ಹೊಸದಲ್ಲ. ಕರ್ನಾಟಕದಲ್ಲಿ ಭಾರೀ ಯಂತ್ರ ಸಾಗಣೆಯ ಮೊದಲ ದೊಡ್ಡ ಅಧ್ಯಾಯ ಬರೆದದ್ದೇ ಈ ದಾರಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯ ಧುಮುಕನ್ನು ವಿದ್ಯುತ್ತಾಗಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಲು ನಿರ್ಧರಿಸಿತು. ಯೋಜನೆಯ ಹೊಣೆ ಹೊತ್ತವರು ರಾಯಲ್ ಎಂಜಿನಿಯರ್ಸ್ ದಳದ ಕ್ಯಾಪ್ಟನ್ ಜೋಲಿ ದ ಲಾಟ್‌ಬಿನಿಯರ್. ಉತ್ಪಾದಕ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಟರ್ಬೈನ್‌ಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು.

ಹಡಗು ಇಳಿದು ರೈಲು ಹತ್ತಿದ ಯಂತ್ರ ಶಿವನಸಮುದ್ರಕ್ಕೆ ನೇರವಾಗಿ ಬರುವಂತಿರಲಿಲ್ಲ. ಹತ್ತಿರದ ರೈಲು ನಿಲ್ದಾಣ ಮದ್ದೂರು. ಅಲ್ಲಿಂದ ಜಲಪಾತಕ್ಕೆ ಮಳವಳ್ಳಿ ಮಾರ್ಗವಾಗಿ ಸುಮಾರು 30 ಮೈಲಿ. ಸಾಮಾನ್ಯ ಎತ್ತಿನ ಗಾಡಿ ಒಂದು ಟನ್ ಹೊತ್ತರೆ ಹೆಚ್ಚು ಎನ್ನುವ ಕಾಲವದು. ಆನೆ ಮತ್ತು ಎತ್ತುಗಳನ್ನು ಹೂಡಿ ಯಂತ್ರಭಾಗಗಳನ್ನು ಎಳೆಸಲಾಯಿತು. 1902ರ ಜೂನ್ 30ರಂದು 92 ಮೈಲಿ ಉದ್ದದ ತಂತಿಯಲ್ಲಿ ಕೋಲಾರದ ಗಣಿಗೆ ವಿದ್ಯುತ್ ಹರಿಯಿತು. ಜಗತ್ತಿನಲ್ಲಿ ಆಗ ಇದ್ದ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿತ್ತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ದೀಪ ಬಂದಿತು. ಬೆಂಗಳೂರಿನ ದೀಪದ ಕಥೆ ಎಲ್ಲರಿಗೂ ಗೊತ್ತು. ಮದ್ದೂರು ನಿಲ್ದಾಣದಿಂದ ಹೊರಟ ಆ 30 ಮೈಲಿಯ ಕಥೆ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಅಂದಿನವರಿಗೆ ಒಂದು ಅನುಕೂಲವಿತ್ತು. ವಿಶ್ವೇಶ್ವರಯ್ಯ ನಾಲೆ ಈ ಸೀಮೆಗೆ ನೀರು ತಂದದ್ದು 1930ರ ದಶಕದಲ್ಲಿ. ಅದಕ್ಕೆ ಮೊದಲು ಇಲ್ಲಿದ್ದದ್ದು ಹೆಚ್ಚಾಗಿ ರಾಗಿ ಹೊಲ ಮತ್ತು ಕೆರೆ ಬಯಲು. ಇಂದು ಅದೇ ದಾರಿಯಲ್ಲಿ ಹೊರಟ ಟ್ರೇಲರ್ ಉಪನಾಲೆ, ಸೀಳುನಾಲೆ, ಬಸಿಗಾಲುವೆ ಎಂದು ಒಂದರ ಹಿಂದೆ ಒಂದು ಮೋರಿ ದಾಟಬೇಕು. ತಲೆಯ ಮೇಲೆ ತಂತಿಗಳೂ ಇರಲಿಲ್ಲ. ಅವು ಹುಟ್ಟಿದ್ದೇ ಆ ಯಂತ್ರಗಳು ತಿರುಗಿದ ಮೇಲೆ.

ಟೈರಿನ ಲೆಕ್ಕ

ದೈತ್ಯ ಟ್ರೇಲರ್ ರಸ್ತೆಯನ್ನು ಏಕೆ ಅರೆಯುವುದಿಲ್ಲ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಉದಾಹರಣೆಗೆ 120 ಟನ್‌ನ ಒಂದು ಪರಿವರ್ತಕವನ್ನು 14 ಆಕ್ಸಲ್ ಸಾಲುಗಳ ಹೈಡ್ರಾಲಿಕ್ ಟ್ರೇಲರ್ ಮೇಲೆ ಇರಿಸಿದೆವೆನ್ನೋಣ. ಒಂದೊಂದು ಸಾಲಿನ ಸ್ವಂತ ತೂಕ 4 ಟನ್ ಎಂದಿಟ್ಟುಕೊಂಡರೆ ಟ್ರೇಲರ್ ಸೇರಿ ಒಟ್ಟು 176 ಟನ್. ಪ್ರತಿ ಸಾಲಿಗೆ 12.6 ಟನ್. ಒಂದು ಸಾಲಿನಲ್ಲಿ ಎಂಟು ಟೈರು. ಒಂದು ಟೈರಿನ ಪಾಲಿಗೆ ಬರುವುದು ಸುಮಾರು 1.6 ಟನ್ ಮಾತ್ರ. ಕಾನೂನಿನ ಮಿತಿಯೊಳಗೇ ಇರುವ ಲಾರಿಯ 11.5 ಟನ್ ಆಕ್ಸಲ್‌ಗೆ ನಾಲ್ಕು ಟೈರು, ಅಂದರೆ ಟೈರಿಗೆ 2.9 ಟನ್.

ಹೈಡ್ರಾಲಿಕ್ ಎಂಬ ಮಾತಿನ ಮಹತ್ವವೂ ಇಲ್ಲಿದೆ. ಸಾಲುಗಳ ನಡುವೆ ಎಣ್ಣೆಯ ಒತ್ತಡದ ಕೊಳವೆಗಳಿರುವುದರಿಂದ ಒಂದು ಚಕ್ರ ಗುಂಡಿಗೆ ಇಳಿದರೆ ಅದರ ಹೊರೆ ಪಕ್ಕದ್ದರ ಮೇಲೆ ಬೀಳದೆ ಎಲ್ಲದಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಚಕ್ರಗಳು ಬೇರೆ ಬೇರೆ ಕೋನಕ್ಕೆ ತಿರುಗಬಲ್ಲವು. ಹಿಂಭಾಗವನ್ನು ಪ್ರತ್ಯೇಕವಾಗಿ ನಡೆಸಿ ವೃತ್ತ ದಾಟಿಸುವುದು ಇದರಿಂದಲೇ ಸಾಧ್ಯ.

ಇನ್ನೊಂದು ಕಡೆ ಅತಿಭಾರದ ಸಾಮಾನ್ಯ ಲಾರಿಯನ್ನು ನೋಡಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಪ್ರಯೋಗದಿಂದ ರಸ್ತೆ ಎಂಜಿನಿಯರುಗಳಿಗೆ ಒಂದು ಸೂತ್ರ ದೊರೆಯಿತು. ರಸ್ತೆಗಾಗುವ ಹಾನಿ ಆಕ್ಸಲ್ ತೂಕದ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುತ್ತದೆ. ತೂಕ ಶೇ 30ರಷ್ಟು ಹೆಚ್ಚಿದರೆ ಹಾನಿ ಸುಮಾರು ಮೂರು ಪಟ್ಟು; ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು. ವರ್ಷಕ್ಕೊಮ್ಮೆ ಬರುವ ಟ್ರೇಲರಿಗೆ ಊರೆಲ್ಲ ಹೆದರುತ್ತದೆ. ದಿನಕ್ಕೆ ನೂರು ಬಾರಿ ಹಾಯುವ ಅತಿಭಾರದ ಲಾರಿಯತ್ತ ಯಾರೂ ತಿರುಗಿ ನೋಡುವುದಿಲ್ಲ.

ಸೇತುವೆಯ ಲೆಕ್ಕ ಬೇರೆ

ನೆಲದ ಮೇಲಿನ ರಸ್ತೆಗೆ ಮುಖ್ಯವಾಗುವುದು ಒಂದು ಟೈರಿನ ಕೆಳಗಿನ ಒತ್ತಡ. ಸೇತುವೆಗೆ ಹಾಗಲ್ಲ. ಎರಡು ಕಂಬಗಳ ನಡುವಿನ ತೊಲೆಯ ಮೇಲೆ ಒಟ್ಟು ಎಷ್ಟು ತೂಕ ಒಮ್ಮೆಗೆ ನಿಂತಿದೆ ಎಂಬುದೇ ಅಲ್ಲಿ ಪ್ರಶ್ನೆ. ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಎಂದರೆ ನಮ್ಮ 14 ಸಾಲಿನ ಟ್ರೇಲರ್ ಸುಮಾರು 20 ಮೀಟರ್ ಉದ್ದ. 20–25 ಮೀಟರಿನ ಒಂದು ಅಂಕಣದಲ್ಲಿ ಆ 176 ಟನ್ನೂ ಒಟ್ಟಿಗೆ ಬಂದು ಕೂರುತ್ತದೆ. ದೇಶದ ಹೆದ್ದಾರಿ ಸೇತುವೆಗಳ ವಿನ್ಯಾಸಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ‘70 ಆರ್’ ಮಾದರಿಯಲ್ಲಿ ಚಕ್ರ ವಾಹನದ ತೂಕ 100 ಟನ್.

ಹಾಗಿದ್ದರೆ ದಾಟುವುದು ಹೇಗೆ? ಸೇತುವೆಯನ್ನು ಕಟ್ಟುವಾಗ ವೇಗವಾಗಿ ಬರುವ ವಾಹನದ ಕುಲುಕಾಟಕ್ಕೆಂದು ಹೆಚ್ಚುವರಿ ಬಲ ಸೇರಿಸಿರುತ್ತಾರೆ. ಅಕ್ಕಪಕ್ಕದ ಪಥಗಳಲ್ಲಿ ಬೇರೆ ವಾಹನಗಳೂ ಇರುತ್ತವೆಂದು ಭಾವಿಸಿರುತ್ತಾರೆ. ಈ ಎರಡನ್ನೂ ಇಲ್ಲವಾಗಿಸಿದರೆ ಅಷ್ಟು ಬಲ ದೈತ್ಯ ಸರಕಿಗೆ ಎರವಲಾಗಿ ದೊರೆಯುತ್ತದೆ. ಆದ್ದರಿಂದಲೇ ಅನುಮತಿಯಲ್ಲಿ ಆ ಷರತ್ತುಗಳು. ಸೇತುವೆಯ ಮೇಲೆ ಗಂಟೆಗೆ 5 ಕಿ.ಮೀ. ವೇಗ ಮೀರಬಾರದು. ಟ್ರೇಲರ್ ನಟ್ಟನಡುವೆ ಸಾಗಬೇಕು, ಏಕೆಂದರೆ ಆಗ ಎಲ್ಲ ತೊಲೆಗಳೂ ಭಾರವನ್ನು ಹಂಚಿಕೊಳ್ಳುತ್ತವೆ. ಬೇರೆ ಯಾವ ವಾಹನವೂ ಆಗ ಮೇಲಿರಬಾರದು. ಬ್ರೇಕ್ ಒತ್ತುವಂತಿಲ್ಲ, ಒಮ್ಮೆಲೆ ವೇಗ ಹೆಚ್ಚಿಸುವಂತಿಲ್ಲ.

ಹಿಂದೆ ನಿಂತು ಹಾರ್ನ್ ಬಾರಿಸುವವರು, ಸಂದು ಸಿಕ್ಕಿತೆಂದು ಪಕ್ಕದಿಂದ ನುಗ್ಗುವ ಬೈಕ್ ಸವಾರರು ತಿಳಿಯಬೇಕಾದದ್ದು ಇದು. ಪೊಲೀಸರು ತಡೆದು ನಿಲ್ಲಿಸಿರುವುದು ಆ ಲಾರಿಯ ಗೌರವಕ್ಕಲ್ಲ. ನುಗ್ಗುವ ಸವಾರನ ತೂಕವೂ ಆ ಲೆಕ್ಕದಲ್ಲಿ ಇಲ್ಲ.

ಒಂದು ಸಹಿಯಲ್ಲ

ರಾಷ್ಟ್ರೀಯ ಹೆದ್ದಾರಿಯಲ್ಲಿ ಅತಿಗಾತ್ರದ ಸರಕು ಸಾಗಿಸಲು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಅನುಮತಿ ಬೇಕು. 2013ರ ಜನವರಿಯಲ್ಲಿ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ನಂತರ ಇದಕ್ಕೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ವ್ಯವಸ್ಥೆ ಬಂದಿತು. ಹೈಡ್ರಾಲಿಕ್ ಟ್ರೇಲರಿನ ಒಟ್ಟು ತೂಕ 169 ಟನ್ ಒಳಗಿದ್ದರೆ ಹಾದಿ ಸುಗಮ. ಅದಕ್ಕಿಂತ ಹೆಚ್ಚಾದರೆ ದಾರಿಯ ಸೇತುವೆಗಳ ಸಾಮರ್ಥ್ಯವನ್ನು ಪರಿಣತರಿಂದ ಪ್ರತ್ಯೇಕವಾಗಿ ಲೆಕ್ಕ ಹಾಕಿಸಬೇಕು. ಮೇಲಿನ ಉದಾಹರಣೆಯ 176 ಟನ್ ಈ ಗೆರೆಯ ಆಚೆ ಬೀಳುತ್ತದೆ ಎಂಬುದನ್ನು ಗಮನಿಸಬಹುದು. ಒಂದೆರಡು ಆಕ್ಸಲ್ ಸಾಲು ಕಡಿಮೆ ಮಾಡಿ ಗೆರೆಯೊಳಗೆ ನುಸುಳೋಣವೆಂದರೆ ಪ್ರತಿ ಟೈರಿನ ಹೊರೆ ಏರುತ್ತದೆ. ಸಾಗಣೆ ಯೋಜಕನ ಕಸುಬುಗಾರಿಕೆ ಇರುವುದೇ ಈ ತಕ್ಕಡಿಯಲ್ಲಿ.

ಮುಂದಿನ ಪೀಳಿಗೆಯ ಸೇತುವೆಗಳಿಗೆ ಈ ಕಷ್ಟ ಕಡಿಮೆಯಾಗಬಹುದು. ರಸ್ತೆ ಕಾಂಗ್ರೆಸ್ಸು 2014ರ ವೇಳೆಗೆ ವಿನ್ಯಾಸ ಸಂಹಿತೆಯಲ್ಲಿ 20 ಆಕ್ಸಲ್‌ಗಳ, ಒಟ್ಟು 385 ಟನ್‌ನ ‘ವಿಶೇಷ ವಾಹನ’ವೊಂದನ್ನು ಸೇರಿಸಿತು. ಹಳೆಯ ಸೇತುವೆಗಳಿಗೆ ಇದು ಅನ್ವಯಿಸದು.

ಹೆದ್ದಾರಿಯಿಂದ ಇಳಿದ ಕ್ಷಣ ಕಡತ ಬದಲಾಗುತ್ತದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯವು, ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ನಾಲೆಯ ಮೇಲಿನ ಸೇತುವೆಗೆ ನೀರಾವರಿಯವರನ್ನು ಕೇಳಬೇಕು. ತಂತಿ ಎತ್ತಬೇಕಾದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಕೊಂಬೆ ಕಡಿಯಬೇಕಾದರೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿ, ಹಳಿ ದಾಟಬೇಕಾದರೆ ನೈರುತ್ಯ ರೈಲ್ವೆ, ಸಂಚಾರ ತಡೆಯಬೇಕಾದರೆ ಪೊಲೀಸರು. ಕೇಬಲ್ ಟಿ.ವಿ.ಯವರನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಆದರೆ ಊರೊಳಗೆ ಮೊದಲು ಅಡ್ಡ ಬರುವುದು ಅವರ ತಂತಿಯೇ.

ಹೀಗಾಗಿ ಅರ್ಜಿಗಿಂತ ಮೊದಲು ದಾರಿ ಸಮೀಕ್ಷೆ ನಡೆಯುತ್ತದೆ. ಅಳತೆಗೋಲು ನೆಟ್ಟಗೆ ನಿಲ್ಲಿಸಿದ ಜೀಪು ಇಡೀ ಹಾದಿ ಸುತ್ತಿಬರುತ್ತದೆ. ನಿಯಮದ ಪ್ರಕಾರ ರಸ್ತೆಗೆ ಅಡ್ಡಲಾದ ಕಡಿಮೆ ಒತ್ತಡದ ತಂತಿ 5.8 ಮೀಟರ್ ಎತ್ತರದಲ್ಲಿರಬೇಕು, 11 ಕೆ.ವಿ. ತಂತಿ 6.1 ಮೀಟರ್ ಎತ್ತರದಲ್ಲಿರಬೇಕು. ಬೇಸಿಗೆಯಲ್ಲಿ ಜೋತುಬಿದ್ದ ತಂತಿ ಈ ನಿಯಮವನ್ನು ಓದಿರುವುದಿಲ್ಲ. ವಿದ್ಯುದೀಕರಣಗೊಂಡ ರೈಲು ಮಾರ್ಗದ ಲೆವೆಲ್ ಕ್ರಾಸಿಂಗ್‌ಗಳಲ್ಲಿ ನಿಲ್ಲಿಸಿದ ಎತ್ತರ ತಡೆ ಕಮಾನು 4.67 ಮೀಟರಿನದು. ಒಂದು ಮೀಟರ್ ಎತ್ತರದ ಟ್ರೇಲರ್ ಮೇಲೆ 4 ಮೀಟರಿನ ಯಂತ್ರ ಕೂತರೆ ಅಲ್ಲಿಗೆ ದಾರಿ ಮುಗಿಯಿತು. ಹೆದ್ದಾರಿಯ ದೊಡ್ಡ ಕೆಳಸೇತುವೆಗಳಿಗೆ 5.5 ಮೀಟರ್ ಎತ್ತರವಿರುವುದರಿಂದ ಅಲ್ಲಿ ದಾಟಬಹುದು. ಸಣ್ಣ ವಾಹನಗಳಿಗೆಂದು ಕಟ್ಟಿದವುಗಳಲ್ಲಿ ಸಾಧ್ಯವೇ ಇಲ್ಲ.

ಸಮೀಕ್ಷೆ ಎಷ್ಟೇ ನಡೆದರೂ ದಾರಿ ಕೈಕೊಡಬಹುದು ಎಂಬುದಕ್ಕೆ ರಾಜ್ಯ ಕಂಡ ದೊಡ್ಡ ನಿದರ್ಶನ ಕೋದಂಡರಾಮಸ್ವಾಮಿ ವಿಗ್ರಹದ ಯಾತ್ರೆ. ತಮಿಳುನಾಡಿನ ವಂದವಾಸಿ ಬಳಿಯ ಕೊರಕೊಟ್ಟೈನಿಂದ ಬೆಂಗಳೂರಿನ ಈಜಿಪುರಕ್ಕೆ ಹೊರಟ ಏಕಶಿಲೆಯ ತೂಕ 300 ಟನ್‌ಗೂ ಹೆಚ್ಚು, ಅದನ್ನು ಹೊತ್ತದ್ದು 240 ಚಕ್ರಗಳ ವಾಹನ. 2018ರ ಕೊನೆಯಲ್ಲಿ ಹೊರಟದ್ದು ಬೆಂಗಳೂರು ಮುಟ್ಟಿದ್ದು 2019ರ ಜೂನ್‌ನಲ್ಲಿ. ದಾರಿಯ ಕಟ್ಟಡಗಳನ್ನು ಒಡೆಯಬೇಕಾಯಿತು. ಹೊಸೂರು ಸಮೀಪ ದಕ್ಷಿಣ ಪಿನಾಕಿನಿಯ ಸೇತುವೆಯನ್ನು ನಂಬದೆ ಪಕ್ಕದಲ್ಲಿ ಹಾಕಿದ ತಾತ್ಕಾಲಿಕ ಮಣ್ಣಿನ ದಾರಿ ನೀರಿಗೆ ಕೊಚ್ಚಿಹೋಯಿತು. ಲಾರಿಗೆ ಬಲವಿತ್ತು, ಕಾಗದ ಪತ್ರವೂ ಇತ್ತು. ನಿಲ್ಲಿಸಿದ್ದು ನದಿ.

ಮೂರು ಊರುಗಳ ಕಷ್ಟ

ಬೆಂಗಳೂರಿನಿಂದ ಮಂಡ್ಯ ಸೀಮೆಗೆ ಬರುವ ದೈತ್ಯ ಸರಕಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಮದ್ದೂರಿನ ಮೂಲಕ ಮೈಸೂರು ದಿಕ್ಕಿಗೆ. ಇನ್ನೊಂದು, ಕನಕಪುರ, ಹಲಗೂರು ದಾಟಿ ಮಳವಳ್ಳಿ, ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 948. ಎರಡನ್ನೂ ಬೆಸೆಯುವುದು ಕೆ.ಎಂ. ದೊಡ್ಡಿಯ ಮೂಲಕ ಹಾಯುವ ಮದ್ದೂರು–ಮಳವಳ್ಳಿ ರಸ್ತೆ.

ಮಳವಳ್ಳಿಯಿಂದ ಆಚೆಗೂ ಯೋಚಿಸಬೇಕು. ಚಾಮರಾಜನಗರ ದಾಟಿ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ಉದ್ದನೆಯ ಸರಕಿಗೆ ಅದು ಮುಚ್ಚಿದ ಬಾಗಿಲು. ಗುಂಡ್ಲುಪೇಟೆಯ ಕಡೆಗೆ ತಿರುಗಿದರೆ ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ. ನಗರದೊಳಗೆ ರಾತ್ರಿ ಮಾತ್ರ ಬಿಡುತ್ತಾರೆ, ಕಾಡಿನಲ್ಲಿ ರಾತ್ರಿ ಬಿಡುವುದಿಲ್ಲ. ನಡುವೆ ದಿನವಿಡೀ ನಿಲ್ಲಲು ಅಗಲವಾದ ಜಾಗ ಬೇಕು. ಜಿಲ್ಲೆಯ ಹೆದ್ದಾರಿ ಬದಿಯ ಡಾಬಾಗಳ ಮುಂದೆ ಇಂಥ ಟ್ರೇಲರ್‌ಗಳು ದಿನಗಟ್ಟಲೆ ತಂಗುವುದರ ಗುಟ್ಟು ಇದು. ಅದು ಚಾಲಕರ ಸೋಮಾರಿತನವಲ್ಲ.

ಪಟ್ಟಣಗಳೊಳಗೆ ಕಷ್ಟ ಇನ್ನೊಂದು ಬಗೆಯದು. ಮಂಡ್ಯದ ಸಂಜಯ ವೃತ್ತವಾಗಲಿ, ಮಳವಳ್ಳಿಯ ಅನಂತರಾಂ ವೃತ್ತವಾಗಲಿ ಎತ್ತಿನ ಗಾಡಿ ಮತ್ತು ಬಸ್ಸಿನ ಕಾಲದ ಅಳತೆಯವು. ನಾಲ್ಕು ಮೀಟರ್ ಅಗಲದ ಸರಕು ಏಳು ಮೀಟರಿನ ರಸ್ತೆಗೆ ಬಂದರೆ ಎದುರಿನಿಂದ ಬರುವ ಬಸ್ಸಿಗೆ ಜಾಗವಿಲ್ಲ. ಆಂಬುಲೆನ್ಸ್ ಬಂದರೆ ಏನು ಮಾಡುವುದೆಂಬುದನ್ನು ಮುಂಚೆಯೇ ನಿರ್ಧರಿಸಿರಬೇಕು. ಸಾರ್ವಜನಿಕರಿಗೆ ಹಿಂದಿನ ದಿನ ಒಂದು ಪ್ರಕಟಣೆ ಕೊಡುವುದು ದುಬಾರಿಯ ಕೆಲಸವೇನಲ್ಲ. ಗಾಳಿಯಂತ್ರದ ರೆಕ್ಕೆ ಬಂದು ಸಿಕ್ಕಿಕೊಂಡ ಮೇಲೆ ನೋಡಲು ಸೇರುವ ಜನರನ್ನು ಚದುರಿಸುವುದಕ್ಕಿಂತ ಅದು ಸುಲಭ.

ಸಂಚಾರ ನಿರ್ಬಂಧಿಸಲು ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ನಿನಡಿ ಅಧಿಕಾರವಿದೆ. ಶಿಥಿಲ ಸೇತುವೆಗಳ ಮೇಲೆ ಭಾರೀ ವಾಹನ ನಿಷೇಧಿಸಿ ಜಿಲ್ಲಾಧಿಕಾರಿಗಳು ಹೊರಡಿಸುವ ಆದೇಶಗಳಲ್ಲಿ ಈ ಸೆಕ್ಷನ್ನಿನ ಉಲ್ಲೇಖ ಕಾಣಬಹುದು.

ಅನುಮತಿಯಿಲ್ಲದ ದೈತ್ಯ

ಅತಿಗಾತ್ರ ಬೇರೆ, ಅತಿಭಾರ ಬೇರೆ. ಈ ವ್ಯತ್ಯಾಸ ಮರೆತಾಗಲೇ ಅನಾಹುತ. ಹಣ ಕಟ್ಟಿಸಿಕೊಂಡು ಅತಿಭಾರದ ಲಾರಿಗಳನ್ನು ಬಿಡುವ ಕಾರ್ಡು, ಟೋಕನ್ ಪದ್ಧತಿಗಳು ಕೆಲವು ರಾಜ್ಯಗಳಲ್ಲಿ ಚಾಲ್ತಿಯಲ್ಲಿದ್ದವು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವುಗಳಿಗೆ ತೆರೆ ಎಳೆಯಿತು. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಹೋಗುವಂತಿಲ್ಲ ಎಂದಿತು. 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಸೆಕ್ಷನ್ ಅತಿಭಾರಕ್ಕೆ 20 ಸಾವಿರ ರೂ. ಮತ್ತು ಹೆಚ್ಚುವರಿ ಪ್ರತಿ ಟನ್‌ಗೆ 2 ಸಾವಿರ ರೂ. ದಂಡ ಹೇಳುತ್ತದೆ. ಸರಕು ಬದಿಗೆ, ಹಿಂದಕ್ಕೆ, ಎತ್ತರಕ್ಕೆ ಚಾಚಿಕೊಂಡಿದ್ದರೂ 20 ಸಾವಿರ ರೂ. ದಂಡ. ತೂಕಕ್ಕೆ ನಿಲ್ಲದೆ ಹೋದರೆ 40 ಸಾವಿರ ರೂ.

ಬದಿಗೂ ಹಿಂದಕ್ಕೂ ಎತ್ತರಕ್ಕೂ ಚಾಚಿಕೊಂಡ ಸರಕು ಎಂದೊಡನೆ ಈ ಜಿಲ್ಲೆಯವರ ಕಣ್ಣಿಗೆ ಬರುವುದು ಪರಿವರ್ತಕವಲ್ಲ, ಕಬ್ಬು. ಮಂಡ್ಯದಲ್ಲಿ 1933ರಿಂದ ಮೈಷುಗರ್ ಇದೆ, ಕೆ.ಎಂ. ದೊಡ್ಡಿ ಮತ್ತು ಕೊಪ್ಪದಲ್ಲಿ ಖಾಸಗಿ ಕಾರ್ಖಾನೆಗಳಿವೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಮೇಲಕ್ಕೆ ಹೇರಿ, ಹಿಂದಿನ ದೀಪ ಸೋಗೆಯಲ್ಲಿ ಮುಚ್ಚಿಹೋಗಿ ಸಾಗುವ ಹೊರೆ ಎಲ್ಲರೂ ಕಂಡದ್ದೇ. ಅದಕ್ಕೆ ಪೈಲಟ್ ಜೀಪಿಲ್ಲ, ದಾರಿ ಸಮೀಕ್ಷೆಯಿಲ್ಲ. ರಾತ್ರಿ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಅದು ಕಾಣುವುದು ಡಿಕ್ಕಿಯಾಗುವ ಒಂದು ಕ್ಷಣ ಮೊದಲು. 2023ರ ನಿಷೇಧದ ನಂತರ ಇದೂ ಸರ್ವಿಸ್ ರಸ್ತೆಗೆ, ಅದೇ ಬೈಕ್ ಸವಾರನ ಪಕ್ಕಕ್ಕೆ ಬಂದಿದೆ.

ರೈತನನ್ನು ದೂರಿ ಫಲವಿಲ್ಲ. ಕಟಾವಿನ ಸರದಿ ಸಿಗುವುದು ತಡವಾಗಿ, ಒಣಗಿದಷ್ಟೂ ತೂಕ ಇಳಿಯುತ್ತದೆ, ಸಾಗಣೆಯ ಬಾಡಿಗೆ ಟನ್ ಲೆಕ್ಕದಲ್ಲಿ. ಒಂದು ಸುತ್ತಿಗೆ ಹೆಚ್ಚು ಹೇರಿದವನಿಗೇ ಲಾಭವಿರುವಾಗ ಕಡಿಮೆ ಹೇರು ಎಂದು ಉಪದೇಶಿಸಿದರೆ ಯಾರು ಕೇಳುತ್ತಾರೆ?

ಸ್ವಾರಸ್ಯವೆಂದರೆ, ಜಿಲ್ಲೆಯ ರಸ್ತೆಗಳಲ್ಲಿ ತಪ್ಪದೆ ತೂಗಲ್ಪಡುವ ಸರಕು ಇದೊಂದೇ. ಹೆದ್ದಾರಿಯಲ್ಲಿ ಲಾರಿಯನ್ನು ತೂಗಲು ಅಧಿಕಾರಿ ತಡೆದು ನಿಲ್ಲಿಸಬೇಕು. ಕಬ್ಬಿನ ಪ್ರತಿ ಟ್ರ್ಯಾಕ್ಟರ್ ತಾನಾಗಿಯೇ ಕಾರ್ಖಾನೆಯ ತೂಕದ ಸೇತುವೆ ಹತ್ತುತ್ತದೆ, ಕಬ್ಬು ಇಳಿಸಿ ಖಾಲಿಯಾಗಿ ಮತ್ತೊಮ್ಮೆ ಹತ್ತುತ್ತದೆ. ವಾಹನದ ಸಂಖ್ಯೆ, ಸಮಯ, ಹೊರೆ ಎಲ್ಲವೂ ಚೀಟಿಯಲ್ಲಿ ಅಚ್ಚಾಗುತ್ತವೆ. ರೈತನಿಗೆ ಹಣ ಪಾವತಿಯಾಗುವುದು ಆ ಚೀಟಿಯ ಮೇಲೆ. ಯಾವ ರಸ್ತೆಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಟನ್ ಮಿತಿ ಮೀರಿ ಸಾಗಿತು ಎಂಬುದನ್ನು ಲೋಕೋಪಯೋಗಿ ಇಲಾಖೆಯಾಗಲಿ ಸಾರಿಗೆ ಇಲಾಖೆಯಾಗಲಿ ತಿಳಿಯಬೇಕೆಂದರೆ ಹೊಸ ಯಂತ್ರ ನೆಡಬೇಕಾಗಿಲ್ಲ. ಮೂರೂ ಕಾರ್ಖಾನೆಗಳ ಗೇಟಿನ ಬಳಿ ಆ ಲೆಕ್ಕ ಹಂಗಾಮಿನ ಪ್ರತಿ ದಿನ ಬರೆಯಲ್ಪಡುತ್ತಲೇ ಇದೆ.